ಅಪ್ಪಗಳ ತಲೆಗೆ ಬೇರೆ ಕತ್ತಿ

ಕೊಳ್ಳದ ಮಠದ ಪೂಜ್ಯ ಅಡವಯ್ಯ ಅಪ್ಪಗಳ ಸನ್ನಿಧಿಯಲ್ಲಿ ಸಿಂಹಾಸನವಿರಲಿಲ್ಲ, ಮೇಲ್ಕಟ್ಟು ಇರಲಿಲ್ಲ. ದಾಸೋಹದ ಮನೆಯ ಪಕ್ಕ ಒಂದು ಬೇವಿನ ಮರ, ಅದರ ಬುಡಕ್ಕೊಂದು ಕಂಬಳಿ, ಅಷ್ಟೇ. ತಿಂಗಳಿಗೊಮ್ಮೆ ಅದೇ ಮರದ ನೆರಳಿನಲ್ಲಿ ಅವರ ಕ್ಷೌರವಾಗುತ್ತಿತ್ತು. ಅವರದು ಮುಗಿದ ಮೇಲೆ ಮಠದ ಆಳುಗಳು, ಭಿಕ್ಷುಕರು, ದಾರಿಹೋಕರು ಸಾಲಾಗಿ ಕೂಡುತ್ತಿದ್ದರು.

ಕ್ಷೌರ ಮಾಡುವವನು ಹಡಪದ ಯಮನಪ್ಪ. ಅಬ್ಬಾ, ಅವನ ಗತ್ತೇನು ಕೇಳುತ್ತೀರಿ! ಅಜ್ಜನ ಕಾಲದಿಂದ ಮಠದ ಸೇವೆ ಅವರ ಮನೆತನದ್ದು. ಸಂತೆಗೆ ಹೋದರೂ "ಅಪ್ಪಗೋಳ ತಲೀ ಮುಟ್ಟಿದ ಕೈ ಇದು" ಎಂದು ಅಂಗೈ ತೋರಿಸದೆ ಬರುತ್ತಿರಲಿಲ್ಲ. ಅಪ್ಪಗಳಿಗೆಂದೇ ಅವನು ಒಂದು ಕತ್ತಿಯನ್ನು ಬೇರೆ ಇಟ್ಟಿದ್ದ. ಅದನ್ನು ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಹೆಂಡತಿಗೂ ಮುಟ್ಟಲು ಕೊಡದೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಉಳಿದವರಿಗೆಲ್ಲ ಇನ್ನೊಂದು ಕತ್ತಿ, ಒಂದೇ ಬಟ್ಟಲು ನೀರು, ಒಂದೇ ಅರಿವೆ. ಒಬ್ಬನದು ಮುಗಿಯಿತೋ, ಕತ್ತಿ ಒರೆಸಿದ, ಮುಂದಿನವನ ತಲೆಗಿಟ್ಟ. ಇದರಲ್ಲಿ ತಪ್ಪಿದೆಯೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮಠದ ಆಳುಗಳ ತಲೆಯ ಮೇಲೆ ಹುಣ್ಣು ಎದ್ದವು. ಒಬ್ಬರಿಂದ ಒಬ್ಬರಿಗೆ ಹಬ್ಬಿದವು. ಬಾವಿಕಟ್ಟೆಯಲ್ಲಿ ಗುಸುಗುಸು ಶುರುವಾಯಿತು: ಯಮನಪ್ಪನ ಕತ್ತಿಯಿಂದಲೇ ಬಂದದ್ದಂತೆ. ಊರಗೌಡ ನಿಂಗನಗೌಡರಂತೂ, ಮಠಕ್ಕೆ ಇನ್ನು ಪೇಟೆಯ ಕ್ಷೌರಿಕನನ್ನು ಕರೆಸಬೇಕೆಂದು ಎಲ್ಲರ ಮುಂದೆ ಅಂದುಬಿಟ್ಟರು.

ಮಾತು ಯಮನಪ್ಪನ ಕಿವಿಗೂ ಬಿತ್ತು. ಮೂರು ತಲೆಮಾರಿನ ಸೇವೆ ತನ್ನ ಕೈಯಲ್ಲಿ ಮುಗಿದರೆ ಹಿರಿಯರಿಗೆ ಯಾವ ಮುಖ ತೋರಿಸುವುದು? ಕ್ಷೌರದ ದಿನ ಕತ್ತಿ, ಕತ್ತರಿಗಳ ಚೀಲವಾದ ಹಡಪ ಬಗಲಿಗೇರಿಸಿ ದಡದಡ ಬಂದವನೇ ಅಪ್ಪಗಳ ಮುಂದೆ ನಿಂತ.

"ಯಪ್ಪಾ, ನನ್ನ ಕತ್ತಿ ಹೊಲಸಂತ! ಸುಳ್ಳು ಅಂತ ನೀವು ಒಂದ್ ಮಾತು ಅನ್ರಿ, ಊರ ಬಾಯಿ ಮುಚ್ಚತೈತಿ."

ಅಪ್ಪಗಳು ಅವನನ್ನು ದಿಟ್ಟಿಸಿ ನೋಡಿದರು. ಬಳಿಕ ಮೆಲ್ಲಗೆ, "ಇವತ್ತ ಮೊದಲ ಉಳದವರದು ಆಗ್ಲಿ. ನಾ ಕಡೀಕ ಕೂಡ್ತೀನಿ" ಎಂದರು.

ಇದೇನು ಹೊಸ ಪದ್ಧತಿ ಎಂದು ಯಮನಪ್ಪನಿಗೆ ಅಚ್ಚರಿ. ಆದರೂ ಗುರುವಿನ ಮಾತು. ಒಬ್ಬೊಬ್ಬರದೇ ಮುಗಿಸುತ್ತ ಬಂದ. ಕೊನೆಯವನು ಏಕತಾರಿ ಹಿಡಿದು ಪದ ಹಾಡುತ್ತಿದ್ದ ಭಿಕ್ಷುಕ ದುರಗಪ್ಪ. ಅವನ ತಲೆಯ ಹಿಂದೆ, ಹೆಡಕಿನಲ್ಲಿ, ಹುಣ್ಣು ಕೀವುಗಟ್ಟಿದ್ದವು. ಕತ್ತಿ ಹತ್ತಿರ ಬಂದಾಗಲೆಲ್ಲ ಪಾಪ, ಹಲ್ಲು ಕಚ್ಚುತ್ತಿದ್ದ. ಯಮನಪ್ಪ ಹುಣ್ಣು ತಪ್ಪಿಸಿ ಕೈಯಾಡಿಸಿ ಮುಗಿಸಿದ, ಕತ್ತಿಯನ್ನು ಅರಿವೆಗೆ ಒರೆಸಿದ.

ಅಪ್ಪಗಳು ಬಂದು ದುರಗಪ್ಪ ಕೂತೆದ್ದ ಮಣೆಯ ಮೇಲೆಯೇ ಕುಳಿತರು. ತಾವೇ ತಲೆಗೆ ನೀರು ಹಚ್ಚಿಕೊಂಡರು. ಯಮನಪ್ಪ ಭಕ್ತಿಯಿಂದ ರೇಷ್ಮೆಯ ಗಂಟು ಬಿಚ್ಚತೊಡಗಿದ.

"ಅದು ಬ್ಯಾಡ," ಎಂದರು ಅಪ್ಪಗಳು. "ದುರಗಪ್ಪಗ ಹಚ್ಚಿದ ಕತ್ತೀನ ತಗೋ."

ಯಮನಪ್ಪ ಕತ್ತಿಯನ್ನೇನೋ ಎತ್ತಿಕೊಂಡ. ಆದರೆ ಆ ಪವಿತ್ರ ಮಸ್ತಕದ ಬಳಿ ಅದನ್ನು ಒಯ್ಯಲು ಕೈ ಏಳಲೊಲ್ಲದು.

"ಯಪ್ಪಾ, ಇದು ಬ್ಯಾಡ್ರಿ... ನಿಮಗ ಹುಣ್ಣಾದಾವು!"

ಅಂದ ಮೇಲೆಯೇ ಅವನಿಗೆ ಹೊಳೆಯಿತು: ಊರೆಲ್ಲ ಆಡಿದ ಮಾತನ್ನು ಅವನ ಬಾಯೇ ಆಡಿತ್ತು.

ಅಪ್ಪಗಳು ತಿರುಗಿ ನೋಡಲಿಲ್ಲ, ದನಿ ಏರಿಸಲಿಲ್ಲ. "ದುರಗಪ್ಪಗ ಆದ್ರ ನಡೀತೈತೇನು?" ಎಂದು ಕೇಳಿದರು.

ಅಯ್ಯೋ, ಆ ಹೊತ್ತಿನ ಸಂಕಟ ಯಾರಿಗೂ ಬೇಡ! ಯಮನಪ್ಪ ಬಿಕ್ಕಿ ಬಿಕ್ಕಿ ಅತ್ತ. ಶುಚಿ ಎಂದರೇನೆಂದು ತಿಳಿಯದವನಲ್ಲ ಅವನು. ಎಲ್ಲ ತಿಳಿದಿದ್ದೂ ಅದನ್ನು ಒಬ್ಬರ ತಲೆಗಷ್ಟೇ ಮೀಸಲಿಟ್ಟಿದ್ದ. ಓಡಿಹೋಗಿ ದುರಗಪ್ಪನ ಕಾಲು ಹಿಡಿದುಕೊಂಡ. ದುರಗಪ್ಪ ಗಾಬರಿಯಾಗಿ ಏಕತಾರಿಯನ್ನು ಕೈಬಿಟ್ಟ.

"ನೀರು ಕುದಿಸು ಹೋಗು. ನಾ ಕಾಯ್ತೀನಿ" ಎಂದರು ಅಪ್ಪಗಳು.

ದಾಸೋಹದ ಒಲೆಯ ಮೇಲೆ ಹಂಡೆ ಏರಿತು. ಯಮನಪ್ಪ ಎರಡೂ ಕತ್ತಿ, ಕತ್ತರಿ, ಬಾಚಣಿಕೆ ಎಲ್ಲವನ್ನೂ ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದ. ಕತ್ತಿ, ಕತ್ತರಿಗಳನ್ನು ಕುದಿನೀರಲ್ಲಿ ಮುಳುಗಿಸಿಟ್ಟ. ಹಳೆಯ ಅರಿವೆಯನ್ನು ಒಲೆಗೆ ಹಾಕಿದ. ಅಷ್ಟೂ ಹೊತ್ತು ಮಹಾತ್ಮರು ಒದ್ದೆ ತಲೆಯಲ್ಲಿ ಮಣೆ ಬಿಟ್ಟು ಏಳಲಿಲ್ಲ. ಆಮೇಲೆ ದುರಗಪ್ಪನಿಗೆ ಹಚ್ಚಿದ್ದ ಅದೇ ಕತ್ತಿಯಿಂದ ಕ್ಷೌರ ಮಾಡಿಸಿಕೊಂಡರು.

ಮುಂದಿನ ತಿಂಗಳು ಮರದಡಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಹುಣ್ಣುಗಳು ಮಾಯುತ್ತ ಬಂದಿದ್ದವು. ಏನಾಗಿದೆಯೋ ನೋಡೋಣವೆಂದು ನಿಂಗನಗೌಡರು ತಾವೇ ಬಂದರು. ಬಂದವರು ಎಲ್ಲರನ್ನೂ ದಾಟಿ ನೇರ ಮಣೆಯ ಮೇಲೆ ಕುಳಿತರು.

"ಹೂಂ, ಜಲ್ದಿ ಮಾಡಲೇ. ನಂಗೇನು ಗಜ್ಜಿ ಐತಿ? ಕತ್ತಿ ಒರಸಿ ಹಚ್ಚು."

ಗೌಡರ ದನಿಗೆ ನಡು ಬಗ್ಗಿಸುತ್ತಿದ್ದ ಯಮನಪ್ಪ ಅಂದು ನೆಟ್ಟಗೆ ನಿಂತಿದ್ದ.

"ಏಳ್ರಿ ಗೌಡ್ರ, ಪಾಳಿ ಹಚ್ರಿ. ಒಂದ್ ತಲೀ ಮುಗದ್ರ ಕತ್ತಿ ಕುದೀಬೇಕು. ಇಲ್ಲೆ ಯಾರಿಗೂ ಬ್ಯಾರೆ ಪದ್ಧತಿ ಇಲ್ಲ."

ಗೌಡರ ಮುಖ ಕೆಂಪೇರಿತು. ಬೈಯಬೇಕೆಂದು ಬಾಯಿ ತೆರೆದು ಸಾಲಿನತ್ತ ತಿರುಗಿದರು. ಅಲ್ಲಿ ದುರಗಪ್ಪನ ಹಿಂದೆ, ಗಾಡಿ ಹೊಡೆಯುವವನ ಮುಂದೆ, ಮೊಣಕಾಲು ಮಡಚಿ ನೆಲದ ಮೇಲೆ ಕುಳಿತು ಅಡವಯ್ಯ ಅಪ್ಪಗಳು ತಮ್ಮ ಪಾಳಿ ಕಾಯುತ್ತಿದ್ದರು.

ಗೌಡರು ಎದ್ದರು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸಾಲಿನ ಕೊನೆಗೆ ಹೋಗಿ ಕುಳಿತರು. ಯಮನಪ್ಪ ಹಂಡೆಯ ಮುಚ್ಚಳ ಸರಿಸಿ ಕತ್ತಿ ಎತ್ತಿಕೊಂಡ, ಎಲ್ಲರಿಗೂ ಕೇಳುವಂತೆ ಕೂಗಿದ: "ಬಾ ದುರಗಪ್ಪಾ!"