ಕೋಟೆ ಬಾಗಿಲಲ್ಲಿ ನಿಂತ ಕತ್ತೆ

ಕ್ರೈಸ್ತರ ಹಳೆಯ ಇಗರ್ಜಿಗಳ ಹಾದಿಯಲ್ಲಿ ಬೆನೆದಿತ್ತಾ ಎಂಬ ಹೆಂಗಸು ತೀರಿಹೋದ ಮಗನಿಗಾಗಿ ಯಾತ್ರೆ ಹೊರಟಿದ್ದಳು. ಅವಳ ಗಂಟುಮೂಟೆ ಹೊತ್ತ ಹೆಣ್ಣುಕತ್ತೆ, ಪ್ರತಿ ಇಗರ್ಜಿಯಲ್ಲೂ ಅವಳು ಮೊಣಕಾಲೂರಿ ಅತ್ತು ಮುಗಿಸುವವರೆಗೆ ಬಿಸಿಲಲ್ಲೇ ಕಾಯುತ್ತಿತ್ತು. ಪಾಳುಕೋಟೆಯ ಬಾಗಿಲಿಗೆ ಬಂದಾಗ ಕತ್ತೆ ತಾನಾಗಿಯೇ ನಿಂತು ಕೂಗಿಟ್ಟಿತು. ಹೋದ ವರ್ಷ ಅದರ ಮರಿ ಅಲ್ಲಿನ ಕಂದಕಕ್ಕೆ ಬಿದ್ದು ಸತ್ತಿತ್ತು.

"ಏನು ಅರಚಾಟ ನಿನ್ನದು! ನಡಿ, ಇಗರ್ಜಿಯ ಸಂಜೆಪೂಜೆ ತಪ್ಪೀತು," ಎಂದು ಬೆನೆದಿತ್ತಾ ಕೋಲು ಬೀಸಿದಳು.

ಕೋಟೆಗೋಡೆಯ ಮೇಲಿದ್ದ ಕಾಗೆ ಮರುಗಿತು. "ಅವಳೂ ಮಗನನ್ನು ಕಳಕೊಂಡವಳು. ನಿನ್ನ ಸಂಕಟ ಅವಳಿಗೆ ಹೇಳಬಾರದೆ?"

"ಈಗ ಹೇಳಿದೆನಲ್ಲ, ಕಾಗಣ್ಣ," ಎಂದಿತು ಕತ್ತೆ. "ಅವಳ ಕಿವಿಗೆ ಅದು ಅರಚಾಟ."

ಮತ್ತೊಂದು ಏಟು ಬಿತ್ತು. ಕತ್ತೆ ಕಂದಕದ ಕಡೆಗೇ ಕತ್ತು ತಿರುಗಿಸಿಕೊಂಡು ಮುಂದೆ ನಡೆಯಿತು.