ಬೆಲೆ ಏರದ ರೊಟ್ಟಿ

“ಗುರುಗಳೇ, ಯಾರ ಮನಸ್ಸನ್ನೂ ನೋಯಿಸದೆ ಬಾಳಿದರೆ ಸಾಕಲ್ಲವೇ?” ಎಂದು ಶಿಷ್ಯ ಕೇಳಿದ.

ಹಾಗೆ ಬಾಳಿದ ಒಬ್ಬಳ ಕತೆ ತಮಗೆ ಗೊತ್ತು, ಕೇಳುವುದಕ್ಕೆ ಅಷ್ಟೇನೂ ಹಿತವಾಗಿಲ್ಲ ಎಂದು ಗುರುಗಳು ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಹೆಂಗಸು ರೊಟ್ಟಿ ಮಾರಿ ಬದುಕುತ್ತಿದ್ದಳು. ಗೋಧಿ ಚಪಾತಿ ವರ್ತಕರಿಗೆ, ಜೋಳದ ರೊಟ್ಟಿ ನೇಕಾರರಿಗೆ, ಸಜ್ಜೆ ರೊಟ್ಟಿ ಮೂಟೆ ಹೊರುವ ಹಮಾಲರಿಗೆ. ಸಜ್ಜೆ ರೊಟ್ಟಿಗೆ ಒಂದು ಕಾಸು.

ವರ್ಷ ಕಳೆದಂತೆ ಕಾಳು ತುಟ್ಟಿಯಾಯಿತು. ಅವಳು ಚಪಾತಿಯ ಬೆಲೆ ಏರಿಸಿದಳು; ವರ್ತಕರು ಗೊಣಗಿಕೊಂಡೇ ಕೊಟ್ಟರು. ಜೋಳದ ರೊಟ್ಟಿಯ ಬೆಲೆ ಏರಿಸಿದಳು. ನೇಕಾರರು ಅವಳನ್ನು ಬಾಯಿಗೆ ಬಂದಂತೆ ಬೈದರು, ಆಮೇಲೆ ಧಣಿಯ ಮನೆಗೆ ಹೋಗಿ ಜಗಳವಾಡಿ ಕೂಲಿ ಹೆಚ್ಚಿಸಿಕೊಂಡು ಬಂದರು. ಸಜ್ಜೆ ರೊಟ್ಟಿಯ ಸರದಿ ಬಂದಾಗ ಮಾತ್ರ ಅವಳಿಗೆ ಬಾಯಿ ಬರಲಿಲ್ಲ. ಹದಿನೈದು ವರ್ಷದಿಂದ ಅವಳಲ್ಲಿ ಉಣ್ಣುತ್ತಿದ್ದ ಒಬ್ಬ ಹಮಾಲನಿದ್ದ. ದಿನವೂ ಎರಡು ರೊಟ್ಟಿ ತಿಂದು, ಅವಳನ್ನು ತಾಯಿ ಎಂದು ಕರೆದು ಹೋಗುತ್ತಿದ್ದ. ಅವನ ಕಣ್ಣಿಗೆ ಕೆಟ್ಟವಳಾಗುವುದು ಅವಳಿಗೆ ಬೇಡವಾಗಿತ್ತು.

ಅವಳು ಹಿಟ್ಟಿನ ಉಂಡೆಯನ್ನು ಒಂದಿಷ್ಟು ಸಣ್ಣದು ಮಾಡಿದಳು. ಅದನ್ನೇ ತಟ್ಟಿ ತಟ್ಟಿ ಮೊದಲಿನಷ್ಟು ಅಗಲ ಮಾಡಿದಳು. ಆ ಸೀಮೆಯಲ್ಲಿ ರೊಟ್ಟಿ ತೆಳುವಾದಷ್ಟೂ ತಟ್ಟಿದ ಕೈಗೆ ಹೊಗಳಿಕೆ. ಹಮಾಲರೂ ಹೊಗಳಿದರು. ಮರುವರ್ಷ ಉಂಡೆ ಇನ್ನಷ್ಟು ಸಣ್ಣದಾಯಿತು, ಅದರ ಮರುವರ್ಷ ಮತ್ತಷ್ಟು. ಬಡವರ ರೊಟ್ಟಿಯ ಬೆಲೆ ಏರಿಸದ ಪುಣ್ಯವಂತೆ ಎಂದು ಪೇಟೆಯೆಲ್ಲ ಅವಳನ್ನು ಕೊಂಡಾಡಿತು. ಕೇಳಿ ಕೇಳಿ ಅವಳೂ ಅದನ್ನು ನಂಬಿಬಿಟ್ಟಳು.

ಹಮಾಲ ಸೊರಗತೊಡಗಿದ. ಕೂಲಿ ಹೆಚ್ಚು ಕೇಳೋಣ ಬಾ ಎಂದು ಜೊತೆಯವನೊಬ್ಬ ಕರೆದಾಗ ಅವನು ಹೋಗಲಿಲ್ಲ. ಅವನ ರೊಟ್ಟಿಯ ಬೆಲೆ ಏರಿರಲಿಲ್ಲವಲ್ಲ, ಯಾವ ಮುಖ ಇಟ್ಟುಕೊಂಡು ಕೇಳಿಯಾನು? ಹೊರುವ ಮೂಟೆ ಎರಡರಿಂದ ಒಂದಕ್ಕೆ ಇಳಿಯಿತು. ಆಮೇಲೆ ಅದೂ ಏಳದಾಯಿತು. ಕೆಲಸದಿಂದ ತೆಗೆದುಹಾಕಿದ ದಿನ ಅವನು ಅವಳ ಒಲೆಯ ಮುಂದೆ ಬಂದು ಕೂತ.

“ಯವ್ವಾ, ಇಪ್ಪತ್ತು ವರ್ಷ ಆತು, ನೀ ಏನೂ ಕಡಿಮಿ ಮಾಡಿಲ್ಲ. ಎರಡು ರೊಟ್ಟಿ ತಿಂದ್ರೂ ಈ ಮೈಗೆ ಹತ್ತವಲ್ದು. ಇದಽ ಕೆಟ್ಟೈತಿ.”

ಅವಳು ಆಗಲಾದರೂ ಹೇಳಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವನು ಅವಳತ್ತ ಕೈಮುಗಿದಿದ್ದ. ಅವಳು ಮಾತನ್ನು ನುಂಗಿ, ತಟ್ಟೆಗೆ ಮೂರನೆಯ ರೊಟ್ಟಿಯೊಂದನ್ನು ಹಾಕಿದಳು. ಅವನು ಅವಳನ್ನು ಹರಸುತ್ತ ತಿಂದ. ಮಳೆಗಾಲ ಬರುವ ಮೊದಲೇ ತೀರಿಕೊಂಡ. ಅವಳು ಬಹಳ ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆದರೂ ಅವಳು ಅವನನ್ನು ನೋಯಿಸಲಿಲ್ಲವಲ್ಲ, ಗುರುಗಳೇ.”

“ನೋಯಿಸಿದ್ದರೆ ಅವಳನ್ನು ಬೈದು ಬದುಕುತ್ತಿದ್ದ, ನೋಯಿಸಲಿಲ್ಲ, ತನ್ನ ಮೈಯನ್ನೇ ಬೈದುಕೊಂಡು ಸತ್ತ.”