ಎರೆಹಾಳದ ಹಿಡಿ ಹತ್ತಿ

ಹೇಳಿ ನೋಡೋಣ. ಮನೆ ತುಂಬ ಹತ್ತಿ ಒಟ್ಟಿಕೊಂಡ ಒಬ್ಬ ಗೌಡ, ತನ್ನ ಮಗಳ ಮದುವೆಯ ಗಾದಿಗೆ ಏನು ತುಂಬಿಸಲು ಹೊರಟಿದ್ದ? ಹೊಸ ಹತ್ತಿ ಅಂದಿರಾದರೆ ನೀವು ಒಳ್ಳೆಯ ಜನ, ಗೌಡಕಿ ನಿಮ್ಮಿಂದ ಆಗದು.

ಬಹಳ ಹಿಂದಿನ ಮಾತು. ನಮ್ಮ ಅಜ್ಜಂದಿರ ಅಜ್ಜಂದಿರು ಇನ್ನೂ ತೊಟ್ಟಿಲಿಗೆ ಬಂದಿರಲಿಲ್ಲ. ಎರೆಹಾಳ ಅಂತ ಒಂದು ಊರು. ಆ ಊರಿಗೆ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಬಡೇಸಾಬ ಎಂಬ ಪಿಂಜಾರ ಬಂದ. ಊರೂರು ತಿರುಗಿ ಹತ್ತಿ ಹಿಂಜುವುದು, ಗಾದಿ ಹೊಲಿಯುವುದು ಅವನ ಕಸುಬು. ನಮ್ಮ ಮನೆತನದ ಮೂಲ ಅವನೇ. ಅವನ ಬಿಲ್ಲಿನ ತಂತಿ ಮಿಡಿದರೆ ಅಳುವ ಕೂಸು ಸುಮ್ಮನಾಗುತ್ತಿತ್ತಂತೆ. ಹಿಂಜಿದ ಹತ್ತಿ ಮೇಲೇರಿ ಮೋಡವನ್ನು ಮಾತಾಡಿಸಿ ಇಳಿಯುತ್ತಿತ್ತಂತೆ. ನಾನು ನೌಕರಿಯಿಂದ ನಿವೃತ್ತನಾದ ಮೇಲೆ ಊರೂರು ಸುತ್ತಿ ಇದನ್ನೆಲ್ಲ ಕೇಳುವಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ನಮ್ಮ ಸೋದರಮಾವ ಸಾಯುವ ತನಕ, ಹಿರೀಕರು ಹೊಟ್ಟೆಪಾಡಿಗೆ ಎರೆಹಾಳ ಬಿಟ್ಟರು ಎನ್ನುತ್ತಿದ್ದನಲ್ಲ, ಅದು ಶುದ್ಧ ಸುಳ್ಳು. ಅವರು ಬಿಟ್ಟದ್ದಲ್ಲ, ಬಿಡಿಸಿದ್ದು.

ಗೌಡನ ಹೆಸರು ದ್ಯಾಮನಗೌಡ. ಮಗಳು ಬಾಳವ್ವ. ಮದುವೆ ಹತ್ತಿರ ಬಂತು. ಗೌಡ ಅಟ್ಟದ ಮೇಲಿಂದ ಒಂದು ಹಳೇ ಗಾದಿ ಇಳಿಸಿದ. ಅವನ ತಾಯಿ ಪ್ರಾಣ ಬಿಟ್ಟ ಗಾದಿ. ಸತ್ತವರ ಗಾದಿಯನ್ನು ಸುಡುಗಾಡಿನ ದಾರಿಯಲ್ಲಿ ಒಗೆದು ಬರುವುದು ಆ ಸೀಮೆಯ ಪದ್ಧತಿ. ಆ ಹತ್ತಿಗೆ ಪಿಂಜಾರರು ಬಿಲ್ಲು ಮುಟ್ಟಿಸುವುದಿಲ್ಲ. ಈ ಜಿಪುಣ ಅದನ್ನು ಮುಚ್ಚಿಟ್ಟಿದ್ದ. ಬಡೇಸಾಬನನ್ನು ಕಟ್ಟೆಗೆ ಕರೆಸಿ, ಇದನ್ನು ಬಿಚ್ಚಿ ಹಿಂಜಿ ಮಗಳಿಗೆ ಹೊಸ ಗಾದಿ ಹೊಲಿ ಅಂದ.

"ಹೆಣದ ಹತ್ತಿ ಮದಿಮಗಳಿಗೆ ಆಗಂಗಿಲ್ರಿ ಗೌಡ್ರ," ಅಂದ ಬಡೇಸಾಬ.

"ನಮ್ಮವ್ವ ಹೆಣ ಏನಲೇ?"

"ಅವ್ವಾರು ದೇವರಾಗ್ಯಾರ್ರಿ. ದೇವರ ಮ್ಯಾಲೆ ಮಗಳನ್ನ ಮಲಗಸ್ತೀರೇನ್ರಿ?"

ಕಟ್ಟೆಯ ಮೇಲಿದ್ದವರು ನಕ್ಕುಬಿಟ್ಟರಂತೆ. ಆ ನಗು ಗೌಡನಿಗೆ ನಾಟಿತು. ಕುಡಗೋಲು ತಂದು ಬಿಲ್ಲಿನ ತಂತಿ ಕೊಯ್ದ. ಹೊತ್ತು ಮುಳುಗುವುದರೊಳಗೆ ಸೀಮೆ ದಾಟು, ಮತ್ತೆ ಈ ಊರಿಗೆ ಕಾಲಿಡಬೇಡ ಅಂದ. ನಕ್ಕವರೆಲ್ಲ ನೆಲ ನೋಡಿದರು. ತಂತಿ ಹೋದ ಪಿಂಜಾರ ಅಂದರೆ ಎತ್ತು ಹೋದ ರೈತ. ಬಡೇಸಾಬ ಹೆಂಡತಿ ಹುಸೇನಬಿಯನ್ನೂ ಅವಳ ಕಂಕುಳ ಕೂಸನ್ನೂ ಕರೆದುಕೊಂಡು ಹೊರಟ.

ಊರ ಹೆಬ್ಬಾಗಿಲು, ಅಗಸಿಯಲ್ಲಿ ಬಾಳವ್ವ ಕುಳಿತಿದ್ದಳಂತೆ. ಸೆರಗಿನಲ್ಲಿ ಒಂದು ಹಿಡಿ ಹೊಸ ಹತ್ತಿ.

"ಕಾಕಾ, ಆಯಿ ಗಾದಿ ಮ್ಯಾಲೆ ನಾ ಮಲಗಂಗಿಲ್ಲ. ನನಗೊಂದು ಹೊಲಿದು ಹೋಗು."

ಒಂದು ಹಿಡಿಗೆ ಗಾದಿ ಆದೀತೆ? ಅವಳ ಹಿಂದೆ ಮತ್ತೊಬ್ಬಳು ಬಂದಳು, ಅವಳ ಹಿಂದೆ ಇನ್ನೊಬ್ಬಳು. ಮನೆಗೊಂದು ಹಿಡಿ. ಬಿಲ್ಲಿಲ್ಲದ ಬಡೇಸಾಬ ಬೆರಳಲ್ಲೇ ಹತ್ತಿ ಬಿಡಿಸಿದ, ಹುಸೇನಬಿ ಹೊಲಿದಳು. ಉಗುರಲ್ಲಿ ರಕ್ತ ಒಸರಿದರೂ ಹತ್ತಿಗೆ ಒಂದು ಹನಿ ತಾಗಲಿಲ್ಲವಂತೆ. ಹೊತ್ತು ಮುಳುಗಿತು, ಗಾದಿ ಮುಗಿಯಿತು.

ಆಮೇಲೆ ಏನಾಯಿತು? ಹೆಂಗಸರು ಗಾದಿ ಹೊತ್ತು ಒಳಗೆ ನಡೆದರು. ಗಂಡಸರು ಅಗಸಿ ಮುಚ್ಚಿದರು. ಪಿಂಜಾರ ಇಲ್ಲೇ ಇರಲಿ ಅನ್ನುವ ಒಂದು ಬಾಯಿ ಇಡೀ ಊರಲ್ಲಿ ಇರಲಿಲ್ಲ. ಗಾದಿ ಬೇಕಾಯಿತು, ಹೊಲಿದವನು ಬೇಡವಾದ. ನನ್ನ ಹೊಟ್ಟೆ ಉರಿಯುವುದು ಗೌಡ ಮಾಡಿದ್ದಕ್ಕಲ್ಲ, ಇದಕ್ಕೆ. ಬಡೇಸಾಬನ ವಂಶ ಆಮೇಲೆ ಎಷ್ಟು ಊರು ತಿರುಗಿತೋ, ಯಾವ ಊರಲ್ಲೂ ಬೇರು ಬಿಡಲಿಲ್ಲ.

ಇವತ್ತಿಗೂ ಎರೆಹಾಳದಲ್ಲಿ ಮದುಮಗಳ ಗಾದಿಗೆ ಮನೆಗೊಂದು ಹಿಡಿ ಹತ್ತಿ ಬರುತ್ತದೆ. ಹುಡುಗಿಯ ಅಪ್ಪ ಎಷ್ಟೇ ದೊಡ್ಡವನಿರಲಿ, ಅದನ್ನು ಮುಟ್ಟುವಂತಿಲ್ಲ. ಹೊಲಿಗೆ ಮುಗಿಯುವ ತನಕ ಅಗಸಿಯ ಹೊರಗೆ ಬಿಸಿಲಲ್ಲಿ ನಿಲ್ಲಬೇಕು. ಮತ್ತೆ ವರ್ಷಕ್ಕೊಂದು ದಿನ ಅಲ್ಲಿ ಯಾರೂ ಅಗಸಿ ಮುಚ್ಚುವುದಿಲ್ಲ. ಬಡೇಸಾಬನ ಬೆನ್ನ ಹಿಂದೆ ಅದನ್ನು ಮುಚ್ಚಿದ ದಿನ ಅದು: ಯುಗಾದಿಯ ಹಿಂದಿನ ಅಮಾವಾಸ್ಯೆ. ಆ ವರ್ಷ ಅದು ಗುರುವಾರ ಬಿದ್ದಿತ್ತಂತೆ.